ನೂರು ಹಾಳೆ, ನಲವತ್ತೈದು ದಿನ

ಹೊರಡುವ ಮೊದಲು

ಹೊರಡಲು ಇನ್ನೂ ಆರು ತಿಂಗಳಿರುವಾಗಲೇ ಚೀಲ ತೂಗುವ ಕೆಲಸ ಶುರು ಮಾಡಿದ್ದೆ. ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಲಗೇಜಿಗೆ ಹಾಕುವಂತಿಲ್ಲ, ಜೊತೆಯಲ್ಲೇ ಒಯ್ಯಬೇಕು. ಪವರ್ ಬ್ಯಾಂಕ್ 100 ವ್ಯಾಟ್-ಅವರ್ ದಾಟಬಾರದು. ನನ್ನದು 20,000 ಎಂಎಎಚ್, ಅಂದರೆ 74 ವ್ಯಾಟ್-ಅವರ್, ಹಾಗಾಗಿ ತೊಂದರೆಯಿಲ್ಲ. ಲೆನ್ಸ್‌ಗಳನ್ನು ಲಗೇಜಿಗೆ ಕೊಡುವ ಧೈರ್ಯ ಯಾವ ಫೋಟೊಗ್ರಾಫರಿಗೂ ಇರುವುದಿಲ್ಲ. ಹೀಗೆ ಬೆಲೆ ಬಾಳುವುದೆಲ್ಲ ಆ ಏಳು ಕಿಲೋದೊಳಗೇ ಬರಬೇಕು.

ಮೊದಲು ಟ್ರೈಪಾಡ್ ಹೊರಗೆ ಹೋಯಿತು, ಆಮೇಲೆ ಜೂಮ್ ಲೆನ್ಸ್. ಕೊನೆಗೆ ಉಳಿದದ್ದು ಎರಡು ಮೆಮೊರಿ ಕಾರ್ಡ್ ಹಿಡಿಯುವ ಒಂದು ಮಿರರ್‌ಲೆಸ್ ಬಾಡಿ, 35 ಎಂಎಂ ಮತ್ತು 85 ಎಂಎಂ ಲೆನ್ಸ್, ನಾಲ್ಕು ಬ್ಯಾಟರಿ, ಚಿತ್ರ ಕೂಡಿಡುವ ಎರಡು ಎಸ್‌ಎಸ್‌ಡಿ. ಒಂದು ಎಸ್‌ಎಸ್‌ಡಿ ಚೀಲದಲ್ಲಿ, ಇನ್ನೊಂದು ಸೊಂಟಕ್ಕೆ ಕಟ್ಟಿದ ಪಟ್ಟಿಯಲ್ಲಿ. ಎರಡರಲ್ಲೂ ಪ್ರತಿ ಆಗುವವರೆಗೆ ಯಾವ ಕಾರ್ಡನ್ನೂ ಅಳಿಸುವುದಿಲ್ಲ ಎಂಬ ಕಟ್ಟುಪಾಡು ಹಾಕಿಕೊಂಡೆ.

ಇಷ್ಟೆಲ್ಲ ಕಡಿಮೆ ಮಾಡಿದ್ದು ಇನ್ನೊಂದು ವಸ್ತುವಿಗೆ ಜಾಗ ಮಾಡಲು: ಅಂಗೈಯಷ್ಟು ದೊಡ್ಡ ಇನ್‌ಸ್ಟ್ಯಾಕ್ಸ್ ಮಿನಿ ಪ್ರಿಂಟರ್, ಅದರ ಹತ್ತು ಪ್ಯಾಕ್ ಫಿಲ್ಮ್. ಪ್ಯಾಕಿಗೆ ಹತ್ತು ಹಾಳೆ, ಒಟ್ಟು ನೂರು. ಹಾಳೆಯ ಮೇಲೆ ಬರುವ ಚಿತ್ರದ ಅಳತೆ 62×46 ಮಿಲಿಮೀಟರ್, ಅಷ್ಟೇ. ಕ್ಯಾಮೆರಾದಿಂದ ಫೋನಿಗೆ, ಫೋನಿನಿಂದ ಪ್ರಿಂಟರಿಗೆ. ಹೊರಬಂದ ಬಿಳಿ ಹಾಳೆಯ ಮೇಲೆ ಒಂದೂವರೆ ನಿಮಿಷದಲ್ಲಿ ಮುಖ ಮೂಡುತ್ತದೆ.

ಇದಕ್ಕೆ ಕಾರಣವಿದೆ. ಹಿಂದಿನ ಪ್ರವಾಸಗಳಲ್ಲಿ 'ಫೋಟೊ ಕಳಿಸ್ತೀನಿ' ಎಂದು ಮಾತು ಕೊಟ್ಟು ಬಂದವರ ವಿಳಾಸಗಳು ನನ್ನ ಹಳೆಯ ಡೈರಿಗಳಲ್ಲಿವೆ. ಕೆಲವು ನೀರು ಬಿದ್ದು ಅಳಿಸಿವೆ, ಕೆಲವನ್ನು ಓದಲು ನನಗೆ ಆ ಲಿಪಿ ಬರುವುದಿಲ್ಲ. ಹದಿನೇಳು ಜನ. ಒಬ್ಬರಿಗೂ ಕಳಿಸಲಿಲ್ಲ. ಈ ಸಲ ಯಾರ ಚಿತ್ರ ತೆಗೆದರೂ ಅಲ್ಲೇ ಕೈಗೆ ಕೊಟ್ಟು ಮುಂದೆ ಹೋಗಬೇಕು ಎಂದು ತೀರ್ಮಾನಿಸಿದೆ.

ದಾರಿಯನ್ನು ಬೆಳಕು ನೋಡಿ ಗೊತ್ತುಮಾಡಿದೆ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯ. ಜನವರಿಯಲ್ಲಿ ಈ ಭಾಗದ ಬಹುಪಾಲಿಗೆ ಒಣ ಹವೆ, ಮೆಕಾಂಗ್ ನದಿಯ ಮೇಲೆ ಬೆಳಗಿನ ಮಂಜು. ಆದರೆ ವಿಯೆಟ್ನಾಮಿನಲ್ಲಿ ಚಾಂದ್ರಮಾನ ಹೊಸವರ್ಷ ಟೆಟ್ ಶುರುವಾದರೆ ರೈಲು, ಬಸ್ಸುಗಳಲ್ಲಿ ಜಾಗ ಸಿಗುವುದಿಲ್ಲ, ಅಂಗಡಿ, ಹೋಟೆಲುಗಳು ಬಾಗಿಲು ಹಾಕುತ್ತವೆ. ಹಾಗಾಗಿ ಟೆಟ್ ಹತ್ತಿರ ಬರುವ ಸಡಗರ ನೋಡಿಕೊಂಡು, ಹಬ್ಬಕ್ಕೆ ಮೊದಲೇ ಗಡಿ ದಾಟುವಂತೆ ದಿನ ಕೂಡಿಸಿದೆ. ವಿಯೆಟ್ನಾಂ ಇ-ವೀಸಾ 25 ಡಾಲರ್. ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಒಂದಕ್ಷರ ಬಿಡದೆ ಇರಬೇಕು. ಇನಿಷಿಯಲ್ ಬಿಡಿಸಿ ಬರೆದಿದ್ದರೆ ಇಲ್ಲೂ ಬಿಡಿಸಿಯೇ ಬರೆಯಬೇಕು. ಕಾಂಬೋಡಿಯಕ್ಕೆ 30 ಡಾಲರ್. ಅಲ್ಲಿ ಅಂಚು ಹರಿದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲವಾದ್ದರಿಂದ ಹೊಸ ನೋಟುಗಳನ್ನೇ ಕೇಳಿ ತೆಗೆದುಕೊಂಡೆ.

ಮೊದಲ ದಿನ

ಇನ್‌ಸ್ಟ್ಯಾಕ್ಸ್ ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಚುರುಕು, ಐಎಸ್‌ಒ 800. ವಿಮಾನ ನಿಲ್ದಾಣದ ಸ್ಕ್ಯಾನರಿನ ಕಿರಣ ಬಿದ್ದು ಅದು ಹಾಳಾಗುವ ಭಯವಿದೆ. ಹತ್ತೂ ಪ್ಯಾಕ್‌ಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ತಪಾಸಣೆಯಲ್ಲಿದ್ದ ಹೆಣ್ಣುಮಗಳಿಗೆ 'ದಯವಿಟ್ಟು ಇದನ್ನು ಕೈಯಲ್ಲೇ ನೋಡಿ' ಎಂದು ಕೇಳಿಕೊಂಡೆ. ಒಂದೊಂದನ್ನೇ ತಿರುಗಿಸಿ ನೋಡಿ ವಾಪಸು ಕೊಟ್ಟಳು. ಹಿಂದೆ ನಿಂತಿದ್ದವರಿಗೆ ತಡವಾಯಿತು. ಆದರೆ ಕೇಳದೆ ಹೋಗಿದ್ದರೆ ಹಾಳಾಗಿದೆಯೇ ಎಂಬ ಅನುಮಾನ ನಲವತ್ತೈದು ದಿನವೂ ಜೊತೆಗೆ ಬರುತ್ತಿತ್ತು.

ಎರಡನೇ ದಿನ, ಬ್ಯಾಂಕಾಕ್

ಪಾಕ್ ಖ್ಲೋಂಗ್ ತಲಾತ್ ಹೂವಿನ ಮಾರುಕಟ್ಟೆ ರಾತ್ರಿಯೆಲ್ಲ ತೆರೆದಿರುತ್ತದೆ. ಬೆಳಗಿನ ಜಾವ ಮೂರಕ್ಕೆ ಏಸಿ ಕೋಣೆಯಿಂದ ನೇರ ಬೀದಿಗೆ ಬಂದು ಕ್ಯಾಮೆರಾ ಎತ್ತಿದರೆ ಏನೂ ಕಾಣಲಿಲ್ಲ. ತಣ್ಣಗಿದ್ದ ಗಾಜಿನ ಮೇಲೆ ಹೊರಗಿನ ಸೆಖೆ ತಗುಲಿ ಲೆನ್ಸಿನ ತುಂಬ ಹಬೆ ಕೂತಿತ್ತು. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಗಾಜು ಬೀದಿಯ ಬಿಸಿಗೆ ಬರುವವರೆಗೆ ಕಾಯಬೇಕು, ಬೇರೆ ಉಪಾಯವಿಲ್ಲ. ಮಾರನೆಯ ರಾತ್ರಿಯಿಂದ ಕ್ಯಾಮೆರಾವನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹೊರಗೆ ತಂದು, ಅರ್ಧ ಗಂಟೆ ಬಿಟ್ಟು ತೆಗೆಯುವುದನ್ನು ರೂಢಿ ಮಾಡಿಕೊಂಡೆ.

ಆ ಕಾಯುವ ಹೊತ್ತಿನಲ್ಲಿ ಒಬ್ಬಾಕೆಯ ಪಕ್ಕ ಕೂತೆ. ಮೊಳಕೈಯಷ್ಟು ಉದ್ದದ ಸೂಜಿಗೆ ಮಲ್ಲಿಗೆ ಮೊಗ್ಗು ಪೋಣಿಸುತ್ತಿದ್ದಳು. ದಾರವನ್ನು ಆಮೇಲೆ ಎಳೆಯುವುದು. ಮೊದಲು ಸೂಜಿಯ ತುಂಬ ಮೊಗ್ಗು, ಒಂದರ ಸಂದಿಗೆ ಇನ್ನೊಂದು ಬರುವಂತೆ, ತಿರುಪಿನ ಹಾಗೆ ಸುತ್ತಿಕೊಂಡು ಮೇಲೇರುತ್ತದೆ. ತುದಿಗೆ ಎಕ್ಕದ ಹೂವಿನ ಬಿಳಿ ನಡುಭಾಗಗಳು, ಅದರ ಕೆಳಗೆ ಗುಲಾಬಿಯ ಮೊಗ್ಗು. ಎಕ್ಕಕ್ಕೆ ಥಾಯ್ ಭಾಷೆಯಲ್ಲಿ 'ದೋಕ್ ರಕ್', ಪ್ರೀತಿಯ ಹೂ. ಮಾಲೆಗೆ 'ಫುವಾಂಗ್ ಮಾಲೈ'. ಹಬೆ ಆರುವಷ್ಟರಲ್ಲಿ ಆಕೆ ನಾಲ್ಕು ಮಾಲೆ ಮುಗಿಸಿದ್ದಳು, ನನ್ನನ್ನು ಮರೆತೂ ಬಿಟ್ಟಿದ್ದಳು.

ಕೈಗಳ ಚಿತ್ರ ತೆಗೆದು ಹಾಳೆ ಕೊಟ್ಟೆ. ಚಿತ್ರ ಮೂಡಿತು. ನೋಡಿದಳು, ತಿರುಗಿಸಿ ಹಿಂಬದಿ ನೋಡಿದಳು, ಪಕ್ಕದ ಅಂಗಡಿಯವಳಿಗೆ ತೋರಿಸಿ ಏನೋ ಅಂದಳು. ಅವಳು ಫೋನಿನ ಅನುವಾದಕದಲ್ಲಿ ಬರೆದು ತೋರಿಸಿದಳು: 'ಇದರಲ್ಲಿ ಅವಳೆಲ್ಲಿ?'

ನನಗೆ ತುಂಬ ಇಷ್ಟವಾಗಿದ್ದ ಚಿತ್ರವದು. ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

ನಾಲ್ಕರಿಂದ ಎಂಟನೇ ದಿನ

ಬ್ಯಾಂಕಾಕಿನಿಂದ ಚಿಯಾಂಗ್ ಮಾಯ್‌ಗೆ ರಾತ್ರಿ ರೈಲು, ಸುಮಾರು 750 ಕಿಲೋಮೀಟರ್. ದೂರದ ರೈಲುಗಳೆಲ್ಲ 2023ರಿಂದ ಕ್ರುಂಗ್ ಥೇಪ್ ಅಫಿವಾತ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತವೆ. ಹಳೆಯ ಹುವಾ ಲಂಫೋಂಗ್‌ಗೆ ಹೋಗಿ ನಿಂತರೆ ರೈಲು ತಪ್ಪಿದ ಹಾಗೆಯೇ. ಕೆಳಗಿನ ಬರ್ತ್‌ಗೆ ಸ್ವಲ್ಪ ಹೆಚ್ಚು ಬೆಲೆ, ಆದರೆ ಅಗಲವಿದೆ, ಕ್ಯಾಮೆರಾ ಚೀಲ ಗೋಡೆ ಕಡೆ ಇಟ್ಟು ಮಲಗಬಹುದು.

ಚಿಯಾಂಗ್ ಮಾಯ್‌ನಲ್ಲಿ ಮೂರು ದಿನ ಚೆನ್ನಾಗಿ ಉಂಡೆ, ಕಡಿಮೆ ತೆಗೆದೆ. 1545ರ ಭೂಕಂಪದಲ್ಲಿ ಮೇಲ್ಭಾಗ ಕಳಚಿ ಬಿದ್ದ ಚೇದಿ ಲುವಾಂಗ್ ಸ್ತೂಪ ಸಂಜೆ ಬೆಳಕಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುವುದನ್ನು ಎರಡು ದಿನ ಕೂತು ನೋಡಿದ್ದು ಮಾತ್ರ ಹೇಳುವಂಥದ್ದು. ಎಂಟನೇ ದಿನ ಗಡಿಯ ಚಿಯಾಂಗ್ ಖೋಂಗ್.

ಒಂಬತ್ತನೇ ದಿನ, ಮೆಕಾಂಗ್

ಥಾಯ್-ಲಾವೋ ನಾಲ್ಕನೇ ಸ್ನೇಹ ಸೇತುವೆ 2013ರ ಕೊನೆಯಲ್ಲಿ ತೆರೆದದ್ದು. ಅದರ ಮೇಲೆ ಬಸ್ಸಿನಲ್ಲಿ ದಾಟಬೇಕು. ಥಾಯ್ಲೆಂಡಿನಲ್ಲಿ ಎಡಬದಿಯಲ್ಲಿ ಓಡುವ ಗಾಡಿಗಳು ಲಾವೋಸಿನಲ್ಲಿ ಬಲಬದಿಗೆ ಬರುತ್ತವೆ. ದೇಶ ಬದಲಾದದ್ದು ನನ್ನ ಮೈಗೆ ಗೊತ್ತಾದದ್ದು ಅಲ್ಲಿ, ಮುದ್ರೆ ಬಿದ್ದಾಗಲ್ಲ.

ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ನಿಧಾನ ದೋಣಿಯಲ್ಲಿ ಎರಡು ದಿನ, ನಡುವೆ ಪಾಕ್‌ಬೆಂಗ್‌ನಲ್ಲಿ ರಾತ್ರಿ. ಉದ್ದನೆಯ ಮರದ ದೋಣಿ, ಹಳೆಯ ವ್ಯಾನುಗಳಿಂದ ಕಿತ್ತು ತಂದಿಟ್ಟ ಸೀಟುಗಳು. ಹಿಂಭಾಗದಲ್ಲಿ ಎಂಜಿನ್ ಮೊರೆತ, ಹಾಗಾಗಿ ಬೇಗ ಹೋಗಿ ಮುಂದೆ ಕೂರುವುದು ಒಳ್ಳೆಯದು. ದೊಡ್ಡ ಚೀಲಗಳನ್ನು ಹಲಗೆಯ ಕೆಳಗೆ ತುಂಬುತ್ತಾರೆ. ಕ್ಯಾಮೆರಾ ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ. ಜನವರಿಯ ನದಿ ಗಾಳಿ ಎಷ್ಟು ಕೊರೆಯುತ್ತದೆಂದು ಯಾರೂ ಹೇಳಿರಲಿಲ್ಲ. ಮಳೆಗೆಂದು ತಂದ ಜಾಕೆಟ್ ಚಳಿಗೆ ಒದಗಿತು.

ಹನ್ನೊಂದರವರೆಗೂ ಮಂಜು. ಬಂಡೆಗಳು ಒಂದೊಂದಾಗಿ ನೀರಿನಿಂದೆದ್ದ ಹಾಗೆ ಬರುತ್ತವೆ, ಮತ್ತೆ ಅಳಿಸಿ ಹೋಗುತ್ತವೆ. ಜೆಟ್ಟಿ ಇಲ್ಲದ ಕಡೆಯೂ ದೋಣಿ ಮರಳ ದಂಡೆಗೆ ಮೂಗು ತಾಗಿಸಿ ನಿಲ್ಲುತ್ತದೆ. ಮೂಟೆ, ಕೋಳಿ, ಒಂದು ಸಲ ಒಂದು ಟಿವಿ ಹತ್ತಿತು. ಎದುರಿನ ಸೀಟಿನಲ್ಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಹುಡುಗಿ. ಕ್ಯಾಮೆರಾ ತೋರಿಸಿ ಹುಬ್ಬೇರಿಸಿ ಕೇಳಿದೆ. ಬೇಡ ಎಂದು ಕೈ ಆಡಿಸಿದಳು. ಕ್ಯಾಮೆರಾ ಚೀಲಕ್ಕೆ ಹೋಯಿತು. ಆರು ಗಂಟೆಯ ಕಾಲ ಎದುರುಬದುರು ಕೂತಿದ್ದೆವು, ಬೆಳಕು ಅವಳ ಕೆನ್ನೆಯ ಮೇಲೆ ಬಂದು ಹೋಗಿ ಮಾಡುತ್ತಿತ್ತು. ತೆಗೆಯಲಿಲ್ಲ. ಅವಳಿಗೆ ನಿದ್ದೆ ಬಂದಾಗಲೂ ತೆಗೆಯಲಿಲ್ಲ.

ಹನ್ನೆರಡನೇ ದಿನ, ಲುವಾಂಗ್ ಪ್ರಬಾಂಗ್

ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳು ಸೇರುವ ಮೂಲೆಯಲ್ಲಿ ಈ ಊರು. 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆಳಗಿನ ಜಾವ ಭಿಕ್ಷುಗಳು ಸಾಲಾಗಿ ಬಂದು ಭಿಕ್ಷೆ ಸ್ವೀಕರಿಸುವ 'ತಾಕ್ ಬಾತ್' ನೋಡಲು ಎಲ್ಲರೂ ಬರುತ್ತಾರೆ. ನಿಯಮಗಳು ಸರಳ: ದೂರ ನಿಲ್ಲಿ, ಫ್ಲಾಶ್ ಬೇಡ, ಮಾತು ಬೇಡ, ಭಿಕ್ಷುಗಳಿಗಿಂತ ಎತ್ತರದಲ್ಲಿ ನಿಲ್ಲಬೇಡಿ. ಮುಖ್ಯ ಬೀದಿಯಲ್ಲಿ ಇವೆಲ್ಲವನ್ನೂ ಮುರಿಯುವವರನ್ನು ಕಂಡೆ. ಹನ್ನೆರಡು ವರ್ಷದ ಎಳೆಯ ಭಿಕ್ಷು, ಸಾಮಣೇರನ ಮುಖಕ್ಕೆ ಒಂದಡಿ ದೂರದಿಂದ ಬೆಳಕು ಎಸೆದರು, ಹುಡುಗ ಕಣ್ಣು ಮುಚ್ಚಿಕೊಂಡ. ನಾನೂ ಅದೇ ಕಸುಬಿನವನು ಎಂಬುದು ಆ ಕ್ಷಣ ಮೈಗೆ ಮುಳ್ಳಿನಂತೆ ಚುಚ್ಚಿತು.

ಕ್ಯಾಮೆರಾ ಕೋಣೆಯಲ್ಲಿಟ್ಟು ಮಾರನೆಯ ದಿನ ಹಿಂದಿನ ಓಣಿಗೆ ಹೋದೆ. ಅಲ್ಲಿ ಮೂವರೇ ಹೆಂಗಸರು, ಚಿಕ್ಕ ಮಣೆಗಳ ಮೇಲೆ, ಎಡ ಹೆಗಲಿಗೆ ಅಡ್ಡಲಾಗಿ ಹೊದ್ದ ವಸ್ತ್ರ, ಮುಂದೆ ಬಿದಿರ ಬುಟ್ಟಿಯಲ್ಲಿ ಬಿಸಿ ಅಂಟು ಅನ್ನ. ಬೆರಳಲ್ಲಿ ಚಿಕ್ಕ ಉಂಡೆ ಕಿತ್ತು ಒಂದೊಂದು ಪಾತ್ರೆಗೆ. ಸದ್ದೇ ಇಲ್ಲ. ಬರಿಗಾಲು ನೆಲ ಮುಟ್ಟುವುದಷ್ಟೇ ಕೇಳುತ್ತದೆ. ಮೂರನೇ ದಿನ ರಸ್ತೆಯ ಆಚೆ ಬದಿ ಕೆಳಗೆ ಕೂತು, 85 ಎಂಎಂ, ಐಎಸ್‌ಒ 6400, ಶಟರಿನ ಸದ್ದು ಪೂರ್ತಿ ಆರಿಸಿ, ಏಳು ಚಿತ್ರ ತೆಗೆದು ನಿಲ್ಲಿಸಿದೆ.

ಹದಿನಾಲ್ಕರಿಂದ ಹದಿನೇಳನೇ ದಿನ, ಪಾಚಿ ಒಣಗಿಸುವ ಮನೆ

ನಾಮ್ ಖಾನ್ ಮೇಲೆ ಬಿದಿರಿನ ಕಾಲುಸೇತುವೆ ಇದೆ. ಮಳೆಗಾಲದಲ್ಲಿ ನದಿ ಅದನ್ನು ಉಳಿಸುವುದಿಲ್ಲ, ಪ್ರತಿ ವರ್ಷ ನೀರಿಳಿದ ಮೇಲೆ ಮತ್ತೆ ಕಟ್ಟುತ್ತಾರೆ. ಆಚೆ ದಡದ ಒಂದು ಮನೆಯ ಮುಂದೆ ಬಿದಿರ ತಡಿಕೆಗಳು ಬಿಸಿಲಿಗೆ ಓರೆಯಾಗಿ ನಿಂತಿದ್ದವು. ಪ್ರತಿಯೊಂದರ ಮೇಲೂ ಹಸಿರು ಬಟ್ಟೆ ಹಾಸಿದ ಹಾಗಿತ್ತು. ಹತ್ತಿರ ಹೋದರೆ ಬಟ್ಟೆಯಲ್ಲ, ಪಾಚಿ. ಖಾಯ್‌ಪೆನ್. ನದಿಯ ಕಲ್ಲುಗಳ ಮೇಲೆ ಬೆಳೆಯುವ ಎಳೆ ಎಳೆ ಪಾಚಿಯನ್ನು ಕಿತ್ತು, ಮರಳು ಹೋಗುವಂತೆ ಹಲವು ಸಲ ತೊಳೆದು, ತಡಿಕೆಯ ಮೇಲೆ ತೆಳ್ಳಗೆ ಹರಡಿ, ಅದರ ಮೇಲೆ ಎಳ್ಳು, ಬೆಳ್ಳುಳ್ಳಿ, ಟೊಮೆಟೊ ಬಿಲ್ಲೆ ಹಚ್ಚಿ ಒಣಗಿಸುತ್ತಾರೆ. ಎಣ್ಣೆಯಲ್ಲಿ ಒಂದು ಕ್ಷಣ ಕರಿದರೆ ಹಪ್ಪಳದಂತೆ ಮುರಿಯುತ್ತದೆ.

ಬಿಸಿಲು ಹಿಂದಿನಿಂದ ಬಿದ್ದಾಗ ಆ ಹಾಳೆಗಳ ಚೆಲುವು ನೋಡಬೇಕು. ಪಾಚಿಯ ಎಳೆಗಳು ಎಲೆಯ ನರಗಳ ಹಾಗೆ ಬೆಳಗುತ್ತವೆ, ಟೊಮೆಟೊ ಬಿಲ್ಲೆಗಳು ಕೆಂಪು ಗಾಜಿನ ಚೂರುಗಳಾಗುತ್ತವೆ. ಅವುಗಳ ನಡುವೆ ಎಪ್ಪತ್ತು ದಾಟಿದ ಅಜ್ಜಿ, ಮೊಣಕೈವರೆಗೆ ಒದ್ದೆ, ಉಗುರಿನ ಸಂದಿಯಲ್ಲಿ ಹಸಿರು. ಈ ಪ್ರವಾಸಕ್ಕೆ ಬಂದದ್ದೇ ಈ ಒಂದು ಚಿತ್ರಕ್ಕೆ ಅನ್ನಿಸಿಬಿಟ್ಟಿತು.

'ಸಬಾಯ್‌ದೀ, ಮೇ' ಎಂದೆ. ಮೇ ಅಂದರೆ ತಾಯಿ. ಕ್ಯಾಮೆರಾ ತೋರಿಸಿದೆ. 'ಬೊ,' ಎಂದಳು. ಬೇಡ.

ಮರುದಿನ ಮತ್ತೆ ಹೋದೆ. ಖಾಯ್‌ಪೆನ್ ಎರಡು ಕಟ್ಟು ಕೊಂಡೆ. ಮೋಡ ಕವಿದು ನಾಲ್ಕು ಹನಿ ಬಿದ್ದಾಗ ಅಜ್ಜಿ ಒಬ್ಬಳೇ ತಡಿಕೆಗಳನ್ನು ಸೂರಿನಡಿ ಒಯ್ಯುತ್ತಿದ್ದಳು. ಚೀಲ ಇಳಿಸಿ ನಾನೂ ಎತ್ತಿದೆ. ಹನ್ನೆರಡು ತಡಿಕೆ. ಒದ್ದೆಯಿರುವಾಗ ಒಂದು ಬದಿ ವಾಲಿಸಿದರೆ ಪಾಚಿ ಜಾರುತ್ತದೆ ಎಂದು ನನ್ನ ಮಣಿಕಟ್ಟು ಹಿಡಿದು ಸರಿಪಡಿಸಿದಳು. ಆ ದಿನ ಚಿತ್ರದ ಮಾತೇ ಎತ್ತಲಿಲ್ಲ.

ಹದಿನಾರನೇ ದಿನ ಅವಳೇ ಕೈಸನ್ನೆ ಮಾಡಿದಳು, ಕ್ಯಾಮೆರಾ ಕಡೆ ಬೆರಳು ತೋರಿ, ಸ್ವಲ್ಪ ತಾಳು ಎಂದು. ಒಳಗೆ ಹೋದವಳು ಕಾಲು ಗಂಟೆ ಬರಲಿಲ್ಲ. ಇತ್ತ ಹಿಂಬೆಳಕು ತಡಿಕೆಗಳಿಂದ ಇಳಿದು ಹೋಗುತ್ತಿತ್ತು, ನಾನು ಚಡಪಡಿಸುತ್ತಿದ್ದೆ. ಬಂದಾಗ ಗುರುತೇ ಸಿಗಲಿಲ್ಲ. ಲುಂಗಿಯಂಥ ರೇಷ್ಮೆಯ ಸಿನ್ ಉಟ್ಟು, ಹೆಗಲಿಗೆ ಅಡ್ಡ ವಸ್ತ್ರ ಹೊದ್ದು, ತಲೆ ಬಾಚಿ ಗಂಟು ಹಾಕಿಕೊಂಡಿದ್ದಳು. ಕೈ ತೊಳೆದು ಉಗುರಿನ ಹಸಿರನ್ನೂ ಉಜ್ಜಿ ತೆಗೆದಿದ್ದಳು. ತಡಿಕೆಗಳಿಗೆ ಬೆನ್ನು ಮಾಡಿ, ಬಿಳಿ ಗೋಡೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಎರಡೂ ಅಂಗೈ ಮೊಣಕಾಲ ಮೇಲೆ ಊರಿ, ನಗದೆ, ನೇರ ಕೂತಳು.

ನನಗೆ ಬೇಕಿದ್ದುದರಲ್ಲಿ ಒಂದೂ ಆ ಚೌಕಟ್ಟಿನಲ್ಲಿ ಇರಲಿಲ್ಲ. ಅವಳಿಗೆ ಬೇಕಿದ್ದದ್ದೆಲ್ಲ ಇತ್ತು.

ತೆಗೆದೆ. ಪೂರ್ತಿ ಮನಸ್ಸಿಟ್ಟು ತೆಗೆದೆ: ಕುರ್ಚಿಯನ್ನು ಒಂದು ಗೇಣು ಬಾಗಿಲ ಕಡೆ ಸರಿಸಿ, ಹೆಗಲ ವಸ್ತ್ರದ ಮಡಿಕೆ ನೇರ ಮಾಡಿಸಿ. ಹಾಳೆ ಹೊರಬಂದಾಗ ಗಾಳಿಗೆ ಹಿಡಿಯದೆ ಅಂಗೈ ಮೇಲಿಟ್ಟುಕೊಂಡು ನೋಡುತ್ತ ನಿಂತಳು. ಮೊದಲು ವಸ್ತ್ರದ ಅಂಚು ಮೂಡಿತು, ಆಮೇಲೆ ಮುಖ. ಒಳಗೆ ಗೋಡೆಗೆ ಹಾಕಿದ್ದ ಹಲಗೆಯ ಮೇಲೆ ಗಂಡನ ಹಳೆಯ ಫೋಟೊ ಇತ್ತು, ಅವನೂ ಹೀಗೆಯೇ ನೇರ, ನಗದೆ. ಅದರ ಪಕ್ಕ ಒರಗಿಸಿಟ್ಟಳು. ಆಗ ಗೊತ್ತಾಯಿತು, ಆ ಜಾಗ ಖಾಲಿ ಇತ್ತು ಎಂದು.

ಹೂವಿನ ಮಾರುಕಟ್ಟೆಯ ಪ್ರಶ್ನೆ ನೆನಪಾಯಿತು. ಅವತ್ತು ರಾತ್ರಿ ಡೈರಿಯಲ್ಲಿ ಬರೆದುಕೊಂಡೆ: ಮೊದಲು ಅವರಿಗೆ ಬೇಕಾದ ಚಿತ್ರ, ನನ್ನದು ಆಮೇಲೆ.

ಹದಿನೇಳನೇ ದಿನ ಅಜ್ಜಿ ಎಂದಿನ ಸೀರೆಯಂಥ ಹತ್ತಿ ಉಡುಪಿನಲ್ಲಿ ತಡಿಕೆಗಳ ನಡುವೆ ಇದ್ದಳು. ನಾನು ಕೇಳುವ ಮೊದಲೇ, ಈಗ ತೆಗೆದುಕೋ ಎಂಬಂತೆ ಕೈ ಬೀಸಿ, ನನ್ನ ಕಡೆ ನೋಡದೆ ಕೆಲಸ ಮುಂದುವರಿಸಿದಳು.

ಹತ್ತೊಂಬತ್ತರಿಂದ ಇಪ್ಪತ್ಮೂರನೇ ದಿನ, ಹನೋಯಿ

ಲುವಾಂಗ್ ಪ್ರಬಾಂಗ್‌ನಿಂದ ಬಸ್ಸಿಗೆ ಒಂದು ದಿನಕ್ಕೂ ಹೆಚ್ಚು, ವಿಮಾನಕ್ಕೆ ಒಂದು ಗಂಟೆ. ವಿಮಾನ ಹತ್ತಿದೆ. ಹನೋಯಿಯಲ್ಲಿ ತುಂತುರು, ಬೂದು ಆಕಾಶ, ಚಳಿ. ಭೂದೃಶ್ಯಕ್ಕೆ ಬೇಡದ ಬೆಳಕು, ಮುಖಗಳಿಗೆ ಹೇಳಿ ಮಾಡಿಸಿದ್ದು. ಎಲ್ಲೂ ಗಾಢ ನೆರಳು ಬೀಳುವುದಿಲ್ಲ. ಹಣ ಕೊಡುವಾಗ ಒಂದು ಎಚ್ಚರ: 20,000 ಡಾಂಗ್ ನೋಟು ನೀಲಿ, 5,00,000 ಡಾಂಗ್ ನೋಟೂ ನೀಲಿ. ಅವೆರಡನ್ನೂ ಬೇರೆ ಬೇರೆ ಜೇಬಿನಲ್ಲಿಡಬೇಕು.

ಟೆಟ್‌ಗೆ ಎರಡೂವರೆ ವಾರ. ಪೀಚ್ ಕೊಂಬೆಗಳು, ಕುಮ್‌ಕ್ವಾಟ್ ಗಿಡಗಳು ಸ್ಕೂಟರ್ ಹತ್ತಿ ಊರೆಲ್ಲ ಓಡಾಡುತ್ತಿದ್ದವು. 1899ರಿಂದ 1902ರವರೆಗೆ ಫ್ರೆಂಚರು ಕಟ್ಟಿದ, ಅಮೆರಿಕದ ಬಾಂಬುಗಳಿಗೆ ಮತ್ತೆ ಮತ್ತೆ ಮುರಿದು ಕೂಡಿಕೊಂಡ ಲೋಂಗ್ ಬಿಯೆನ್ ಸೇತುವೆಯ ಮೇಲೆ ಎರಡು ಬೆಳಗು ನಿಂತೆ. ನಡುವೆ ರೈಲು, ಎರಡು ಬದಿಗೆ ದ್ವಿಚಕ್ರ ವಾಹನ, ಕೆಳಗೆ ಕೆಂಪು ನದಿ. ಚಲಿಸುವ ಸ್ಕೂಟರ್‌ನೊಂದಿಗೆ ಕ್ಯಾಮೆರಾ ತಿರುಗಿಸುತ್ತ, 1/30 ಸೆಕೆಂಡಿನಲ್ಲಿ ತೆಗೆದರೆ ಗಿಡ ಸ್ಪಷ್ಟವಾಗಿ ನಿಂತು ಕಬ್ಬಿಣದ ತೊಲೆಗಳೆಲ್ಲ ಗೆರೆಗಳಾಗುತ್ತವೆ.

ಹಾಗೆ ತೆಗೆಯುವಾಗ ಒಬ್ಬಾತ ಸ್ಕೂಟರ್ ನಿಲ್ಲಿಸಿದ. ಬೈಯುತ್ತಾನೆ ಅಂದುಕೊಂಡೆ. ತನ್ನ ಗಿಡ ಬಿಚ್ಚಿ ಕೆಳಗಿಟ್ಟ. ಅದರಲ್ಲಿ ಹಣ್ಣಾದ ಕಿತ್ತಳೆ ಬಣ್ಣದ ಕಾಯಿ, ಹಸಿರು ಕಾಯಿ, ಹೂ, ಮೊಗ್ಗು, ಚಿಗುರು ಎಲ್ಲ ಒಟ್ಟಿಗೆ ಇದ್ದವು. ಟೆಟ್‌ಗೆ ಇಂಥ ಗಿಡವೇ ಶ್ರೇಷ್ಠ. ಒಂದೊಂದನ್ನೂ ಬೆರಳಿಟ್ಟು ತೋರಿಸಿದ, ಎಲ್ಲವೂ ಬರಬೇಕು ಎಂದ. ಹೆಲ್ಮೆಟ್ ತೆಗೆದು, ಕೂದಲು ಒದ್ದೆ ಮಾಡಿ ಒತ್ತಿ, ಗಿಡದ ಹಿಂದೆ ನಿಂತ. ಲೆನ್ಸಿನ ಕಿಂಡಿ ಕಿರಿದಾಗಿಸಿ ಎಫ್8ರಲ್ಲಿ ತೆಗೆದೆ, ಮೊಗ್ಗೂ ಮೂಡಲಿ ಎಂದು. ಅಂದಿಗೆ ನಲವತ್ತೆರಡು ಹಾಳೆ ಖರ್ಚಾಗಿದ್ದವು.

ಇಪ್ಪತ್ನಾಲ್ಕರಿಂದ ಮೂವತ್ಮೂರನೇ ದಿನ

ಹನೋಯಿಯಿಂದ ಹುವೆಗೆ ರಾತ್ರಿ ರೈಲು. ಹನೋಯಿ-ಸೈಗಾನ್ ಈ ಹಳಿ 1,726 ಕಿಲೋಮೀಟರ್, ಆದರೆ ಹಗಲಲ್ಲಿ ನೋಡಲೇಬೇಕಾದದ್ದು ಹುವೆ-ದಾನಾಂಗ್ ನಡುವಿನ ನೂರು ಕಿಲೋಮೀಟರ್. ಹಾಯ್ ವಾನ್ ಬೆಟ್ಟದ ಅಂಚಿನಲ್ಲಿ ರೈಲು ಸಮುದ್ರದ ಮೇಲೆ ಬಾಗಿ ನಡೆಯುತ್ತದೆ. ದಕ್ಷಿಣಕ್ಕೆ ಹೋಗುವವರು ಎಡಗಡೆಯ ಸೀಟು ಕೇಳಿ. ತಿರುವಿನಲ್ಲಿ ಮುಂದಿನ ಡಬ್ಬಿಗಳು ಕಿಟಕಿಯಲ್ಲಿ ಕಾಣುವಾಗ ಕೆಳಗೆ ಅಲೆ, ಮೇಲೆ ಕಾಡು.

ಹೋಯಿ ಆನ್ ನನಗೆ ಒಗ್ಗಲಿಲ್ಲ. ಹಳದಿ ಗೋಡೆಗಳು ಚೆಂದ, ಕಾಗದದ ದೀಪಗಳು ಚೆಂದ. ಆದರೆ ಬೆಳಗ್ಗೆ ಬಲೆ ಬೀಸುವ ಬೆಸ್ತನಿಗೆ 'ಇನ್ನೊಂದು ಸಲ, ಇನ್ನೂ ಎತ್ತರಕ್ಕೆ' ಎಂದು ಹಣ ಕೊಟ್ಟು ಹೇಳುವ ಫೋಟೊಗ್ರಾಫರುಗಳ ಸಾಲು ಕಂಡಾಗ, ಅಲ್ಲಿ ಮೀನು ಇರಲಿಲ್ಲ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲವಲ್ಲ ಅನ್ನಿಸಿತು. ಅವನು ದುಡಿದುಣ್ಣುವುದರಲ್ಲಿ ತಪ್ಪಿಲ್ಲ. ಆ ಚಿತ್ರವನ್ನು ನನ್ನದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿಂದ ಸೈಗಾನ್, ಒಂದು ರಾತ್ರಿ. ಮೋಕ್ ಬಾಯ್ ಗಡಿ ದಾಟಿ ಕಾಂಬೋಡಿಯದ ರಾಜಧಾನಿ ನೋಮ್ ಪೆನ್.

ಮೂವತ್ತಾರನೇ ದಿನ, ನೋಮ್ ಪೆನ್

ತುವೊಲ್ ಸ್ಲೆಂಗ್ ಮೊದಲು ಪ್ರೌಢಶಾಲೆಯಾಗಿತ್ತು. 1975ರಿಂದ 79ರವರೆಗಿನ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ ಅದು ಎಸ್-21 ಎಂಬ ಸೆರೆಮನೆಯಾಯಿತು. ಒಳಬಂದ ಪ್ರತಿಯೊಬ್ಬರದೂ ಫೋಟೊ ತೆಗೆಯುತ್ತಿದ್ದರು, ಎದೆಗೆ ಸಂಖ್ಯೆ ಚುಚ್ಚಿ. ಸಾವಿರಾರು ಜನ ಬಂದರು, ಬದುಕಿ ಹೊರಬಂದವರು ಬೆರಳೆಣಿಕೆ. ಆ ಚಿತ್ರಗಳು ಇವತ್ತೂ ಗೋಡೆಗಳ ಮೇಲಿವೆ. ಅಲ್ಲಿನ ದಾಖಲೆಗಳನ್ನು ಯುನೆಸ್ಕೊ 2009ರಲ್ಲಿ ತನ್ನ 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿಸಿತು.

ಕಸುಬಿನ ಕಣ್ಣು ಸುಮ್ಮನಿರುವುದಿಲ್ಲ. ಬೆಳಕು ಸಮವಾಗಿದೆ, ಫೋಕಸ್ ಕಣ್ಣಿನ ಮೇಲೆ ಕರಾರುವಾಕ್ಕಾಗಿದೆ. ತಾಂತ್ರಿಕವಾಗಿ ಒಳ್ಳೆಯ ಭಾವಚಿತ್ರಗಳು. ಒಬ್ಬ ಹುಡುಗ, ಹದಿನಾಲ್ಕಿರಬಹುದು, ಕ್ಯಾಮೆರಾ ಹಿಂದಿದ್ದವನನ್ನು ನೇರ ನೋಡುತ್ತಿದ್ದಾನೆ. 'ಬೇಡ' ಎನ್ನುವ ಅವಕಾಶ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಮೆಕಾಂಗ್ ದೋಣಿಯ ಹುಡುಗಿ ಕೈ ಆಡಿಸಿದ್ದು ಕಣ್ಣಮುಂದೆ ಬಂತು.

ಕ್ಯಾಮೆರಾ ಹೊರತೆಗೆಯಲಿಲ್ಲ. ಆ ದಿನ ಊಟ ಸೇರಲಿಲ್ಲ.

ಮೂವತ್ತೊಂಬತ್ತರಿಂದ ನಲವತ್ಮೂರನೇ ದಿನ, ಆಂಕೋರ್

ಆಂಕೋರಿನ ದೇವಾಲಯಗಳಿಗೆ ಮೂರು ದಿನದ ಪಾಸ್ 62 ಡಾಲರ್. ಹತ್ತು ದಿನದೊಳಗೆ ಯಾವ ಮೂರು ದಿನವಾದರೂ ಬಳಸಬಹುದು. ಕೌಂಟರಿನಲ್ಲಿ ನಮ್ಮ ಮುಖದ ಚಿತ್ರ ತೆಗೆದು ಪಾಸಿನ ಮೇಲೆ ಅಚ್ಚು ಹಾಕುತ್ತಾರೆ.

ಆಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದ ದೇವಾಲಯ. ಹನ್ನೆರಡನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ್ದು. ಹಾಗಾಗಿ ಸೂರ್ಯ ಗೋಪುರಗಳ ಹಿಂದಿನಿಂದ ಏಳುತ್ತಾನೆ, ಬೆಳಗ್ಗೆ ಸಿಗುವುದು ಕಪ್ಪು ಆಕೃತಿ ಮಾತ್ರ. ಐದಕ್ಕೆ ಬಾಗಿಲು ತೆರೆದೊಡನೆ ನೂರಾರು ಜನ ಎಡಗಡೆಯ ಕೊಳದ ಅಂಚಿಗೆ ಓಡುತ್ತಾರೆ. ಒಂದು ದಿನ ನಾನೂ ಅಲ್ಲಿದ್ದೆ, ಚಿತ್ರವೂ ಬಂತು. ಕಲ್ಲಿನ ಬಣ್ಣ ಬೇಕಿದ್ದರೆ ಸಂಜೆ ನಾಲ್ಕರ ಮೇಲೆ ಬನ್ನಿ.

ನನ್ನ ಪಾಲಿನ ಬೆಳಗು ಎರಡನೇ ದಿನ ಸಿಕ್ಕಿತು. ಎಲ್ಲರೂ ಪಶ್ಚಿಮದಲ್ಲಿ ನಿಂತಿರುವಾಗ ಪೂರ್ವದ ಮೊಗಸಾಲೆಗೆ ಹೋದೆ. ಅದರ ದಕ್ಷಿಣ ಭಾಗದ ಗೋಡೆಯ ಉದ್ದಕ್ಕೂ 49 ಮೀಟರ್ ಸಮುದ್ರಮಥನ. 92 ಅಸುರರು, 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ. ಕಂಬಗಳ ಸಂದಿಯಿಂದ ಎಳೆಬಿಸಿಲು ಅಡ್ಡಲಾಗಿ ಬಿದ್ದು, ವಾಸುಕಿಯ ಮೈ ಹಿಡಿದ ಕೈಗಳ ಸಾಲು ಒಂದೊಂದಾಗಿ ಎದ್ದು ಬಂತು. ಶತಮಾನಗಳ ಕೈ ಸವರಿ ಕೆಲವು ಕಡೆ ಕಲ್ಲು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಅರ್ಧ ಗಂಟೆ ಅಲ್ಲಿ ಇನ್ನೊಬ್ಬರಿರಲಿಲ್ಲ. 967ರಲ್ಲಿ ಪ್ರತಿಷ್ಠೆಯಾದ ಬಾಂತೇಯ್ ಸ್ರೇಯ್ ಶಿವಾಲಯ ಪೂರ್ವಾಭಿಮುಖಿ. ಬೆಳಗ್ಗೆ ಬಾಗಿಲು ತೆರೆದೊಡನೆ ಹೋದರೆ ಕೈಲಾಸ ಅಲುಗಿಸುವ ರಾವಣನ ಮೇಲೆ ಗುಲಾಬಿ ಮರಳುಗಲ್ಲಿನ ನಿಜವಾದ ಬಣ್ಣ ಕಾಣುತ್ತದೆ.

ನಲವತ್ನಾಲ್ಕನೇ ದಿನ

ಐದೂ ದಿನ ನನ್ನನ್ನು ಕರೆದೊಯ್ದದ್ದು ಒಬ್ಬನೇ ರೆಮೋರ್ಕ್ ಚಾಲಕ. ಮೋಟಾರ್ ಬೈಕಿಗೆ ಹಿಂದೆ ಗಾಡಿ ಕಟ್ಟಿದ ವಾಹನ ರೆಮೋರ್ಕ್. ನನಗಿಂತ ಹಿರಿಯ, ಹಾಗಾಗಿ 'ಬೋಂಗ್' ಎಂದು ಕರೆಯುತ್ತಿದ್ದೆ, ಅಣ್ಣ ಎಂದು. ನಾಲ್ಕೂವರೆಗೆ ಬಾ ಎಂದರೆ ನಾಲ್ಕೂಕಾಲಿಗೆ ಬಂದು, ಎಂಜಿನ್ ಆರಿಸಿ, ಕತ್ತಲಲ್ಲಿ ಕೂತಿರುತ್ತಿದ್ದ.

ಕೊನೆಯ ದಿನ ಅವನದೊಂದು ಚಿತ್ರ ತೆಗೆಯಲೇ ಎಂದು ಕೇಳಿದೆ. ನನ್ನದು ಬೇಡ, ಇದರದು ತೆಗಿ ಎಂದು ಗಾಡಿಯ ಕಡೆ ಕೈ ತೋರಿದ. ಮುಂದಿನ ತಿಂಗಳು ಇದನ್ನು ಮಾರುತ್ತಾನಂತೆ. ಈಗ ಎಲ್ಲರೂ ಫೋನಿನಲ್ಲಿ ಮೂರು ಚಕ್ರದ ಆಟೊ ಕರೆಯುತ್ತಾರೆ, ಅದಕ್ಕೆ ಬಾಡಿಗೆ ಕಡಿಮೆ. ಅವನೂ ಒಂದನ್ನು ಸಾಲಕ್ಕೆ ತರುತ್ತಿದ್ದಾನೆ. ಹನ್ನೆರಡು ವರ್ಷ ಇದೇ ಗಾಡಿ. ಹೆಂಡತಿಯ ಹೆರಿಗೆಗೆ ಆಸ್ಪತ್ರೆಗೆ ಹೋದದ್ದೂ ಇದರಲ್ಲೇ.

ನದಿ ಬದಿಗೆ ನಿಲ್ಲಿಸಿ ಒರೆಸಲು ಕೂತ. ಹಿಂಭಾಗಕ್ಕೆ ಕಟ್ಟಿದ್ದ ಜಾಹೀರಾತಿನ ಬಟ್ಟೆ ಬಿಚ್ಚಿದ. ಸೀಟಿನ ಕೆಂಪು ರೆಕ್ಸಿನ್, ಹಿತ್ತಾಳೆ ಗುಂಡಿಗಳು, ಚಕ್ರದ ಕಡ್ಡಿಗಳು, ಎಲ್ಲಕ್ಕೂ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ನಾನೂ ಒಂದು ಬದಿ ಹಿಡಿದೆ. ಮುಗಿಯುವಾಗ ಐದು ದಾಟಿತ್ತು. ಬಾಗಿದ ಬಿಸಿಲು ತಗಡಿನ ಮೇಲಿಂದ ಜಾರಿ ಸೀಟಿನೊಳಕ್ಕೆ ಬಿದ್ದಿತ್ತು. ಅವನು ದೂರ ಸರಿದು ನಿಂತ, ತನ್ನ ನೆರಳೂ ಬೀಳದ ಹಾಗೆ.

ಮೂರು ಹಾಳೆ ಉಳಿದಿದ್ದವು. ಒಂದು ಹೊರಬಂತು. ಅಂಚು ಹಿಡಿದು, ಚಿತ್ರ ಪೂರ್ತಿ ಮೂಡುವವರೆಗೆ ಮಾತಾಡದೆ ನೋಡಿದ. ಆಮೇಲೆ ಕಣ್ಣ ಹತ್ತಿರ ತಂದು, ನನ್ನ ಕಡೆ ತಿರುಗಿಸಿ, ಹಿಂದಿನ ಮೂಲೆಯ ಮೇಲೆ ಬೆರಳಿಟ್ಟ.

'ನಂಬರ್ ಕಾಣ್ತಿಲ್ಲ,' ಎಂದ. 'ನಂಬರ್ ಇರಬೇಕು.'

ಗಾಡಿಯನ್ನು ಇಬ್ಬರೂ ಹಿಡಿದು ಸ್ವಲ್ಪ ಓರೆಯಾಗಿ ತಿರುಗಿಸಿದೆವು. ನಾನು ಮತ್ತೆ ಮಂಡಿಯೂರಿ ಕೂತೆ.